ಕೆಂಬೆನ್ನಿನ ಸೂರಕ್ಕಿಯೂ ಬೆಟ್ಟದ ಬಂದಳಿಕೆಯೂ

ಹಿತ್ತಲಿನ ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿಗಳನ್ನೆಲ್ಲ ನಾವು ಸೂರಕ್ಕಿ ಎಂಬ ಒಂದೇ ಹೆಸರಿನಿಂದ ಕರೆದುಬಿಡುತ್ತೇವೆ. ಆದರೆ ಅವುಗಳಲ್ಲಿ ಒಂದು ಪ್ರಭೇದವು ಪಶ್ಚಿಮ ಘಟ್ಟ ಹಾಗೂ ಅದರ ಆಸುಪಾಸನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇಲ್ಲ. ಅದೇ ಕೆಂಬೆನ್ನಿನ ಸೂರಕ್ಕಿ. 1832ರಲ್ಲಿ ಸೈಕ್ಸ್ ಇದನ್ನು ಮೊದಲು ವಿವರಿಸಿದನು. ಇಂದಿನ ವೈಜ್ಞಾನಿಕ ಹೆಸರು ಲೆಪ್ಟೊಕೋಮಾ ಮಿನಿಮಾ. 'ಮಿನಿಮಾ' ಎಂದರೆ ಅತಿ ಚಿಕ್ಕದು.

ಇದರ ಉದ್ದ ಸುಮಾರು 8 ಸೆಂ.ಮೀ. ಗಂಡಿಗೆ ಹೊಳೆಯುವ ಹಸುರು ನೆತ್ತಿ, ನೇರಳೆ ಗಂಟಲು, ಕಡುಗೆಂಪು ಬೆನ್ನು ಮತ್ತು ಎದೆಪಟ್ಟಿ. ಊರಿನ ಸುತ್ತ ಸಾಮಾನ್ಯವಾಗಿರುವ ನೇರಳೆ ಪೃಷ್ಠದ ಸೂರಕ್ಕಿಯು ಇದಕ್ಕಿಂತ ತುಸು ದೊಡ್ಡದು. ಹೆಣ್ಣುಗಳಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ: ಬಾಲದ ಬುಡದಲ್ಲಿ ಕೆಂಪು ಕಂಡರೆ ಅದು ಕೆಂಬೆನ್ನಿನದೇ.

ಮಕರಂದವೇ ಇದರ ಮುಖ್ಯ ಆಹಾರ. ಸಣ್ಣ ಕೀಟ, ಜೇಡಗಳನ್ನೂ ಹಿಡಿಯುತ್ತದೆ. ನಾರು, ಪಾಚಿಗಳನ್ನು ಜೇಡನ ಬಲೆಯಿಂದ ಬಿಗಿದು ತೂಗುಗೂಡು ಕಟ್ಟಿ, ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ.

ಈ ಹಕ್ಕಿಗೆ ಪ್ರಿಯವಾದ ಹೂಗಳಲ್ಲಿ ಬಂದಳಿಕೆಯದೂ ಒಂದು. ಕೊಳವೆಯಂಥ ಆ ಹೂವಿಗೆ ಕೊಕ್ಕು ಹಾಕಿದಾಗ ಪರಾಗವು ಅಂಟಿಕೊಂಡು ಮತ್ತೊಂದು ಹೂವಿಗೆ ಸಾಗುತ್ತದೆ. ಮುಂದೆ ಬಿಡುವ ಹಣ್ಣನ್ನು ತಿಂದು, ಅಂಟುಬೀಜವನ್ನು ಕೊಂಬೆಗೆ ಒರೆಸುವುದು ಬದನಿಕೆ ಹಕ್ಕಿ. ಒಂದು ಗಿಡದ ಬಾಳು ಹೀಗೆ ಎರಡು ಹಕ್ಕಿಗಳಿಗೆ ಹೆಣೆದುಕೊಂಡಿದೆ.

ಬಂದಳಿಕೆ ಅರೆಪರಾವಲಂಬಿ. ಹಸುರೆಲೆಯಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರು ಮತ್ತು ಲವಣಗಳನ್ನು ಆಶ್ರಯದ ಮರದಿಂದಲೇ ಹೀರುತ್ತದೆ. ಆದ್ದರಿಂದ ಮಾವು, ಚಿಕ್ಕುಗಳಿಗೆ ಹತ್ತಿದ ಬಂದಳಿಕೆಯನ್ನು ಅದು ಬೇರೂರಿದ ಸ್ಥಳಕ್ಕಿಂತ ಕೆಳಗೆ, ಕೊಂಬೆಸಮೇತ ಕತ್ತರಿಸಬೇಕೆಂದೇ ಕೃಷಿವಿಜ್ಞಾನದ ವಿದ್ಯಾರ್ಥಿಯಾದ ನಾನೂ ಹೇಳುತ್ತೇನೆ. ಆದರೆ ಅದೇ ಕತ್ತಿಯನ್ನು ಸೊಪ್ಪಿನ ಬೆಟ್ಟಕ್ಕೂ ಕಾಡಂಚಿನ ಮರಗಳಿಗೂ ಒಯ್ಯುವುದು ಅನವಶ್ಯಕ. ಅಲ್ಲಿ ಫಸಲಿನ ನಷ್ಟದ ಪ್ರಶ್ನೆಯೇ ಇಲ್ಲ. ನಷ್ಟವಾಗುವುದು ಹಕ್ಕಿಯ ಊಟ. ತೋಟಕ್ಕೆ ಒಂದು ನಿಯಮ, ಬೆಟ್ಟಕ್ಕೆ ಇನ್ನೊಂದು ಎಂಬ ವಿವೇಕ ನಮ್ಮಲ್ಲಿರಬೇಕು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮೂರಿನ ಬೆಟ್ಟದಲ್ಲಿ ಬಂದಳಿಕೆ ಯಾವ ಮರಗಳ ಮೇಲಿದೆ, ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವ ಸೂರಕ್ಕಿ ಬರುತ್ತದೆ ಎಂಬುದನ್ನು ಒಂದು ವರ್ಷ ಬರೆದಿಡಿ. ಬೆಟ್ಟದ ಮರ ಸವರುವ ಮುನ್ನ ಹಿರಿಯರೆದುರು ಆ ಪುಸ್ತಕವನ್ನು ಬಿಚ್ಚಿ ತೋರಿಸಿ.