ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಅರುವತ್ತು ದಾಟಿದ ಗಂಡಸರು ತಮ್ಮೊಳಗೇ ಮುಚ್ಚಿಟ್ಟುಕೊಳ್ಳುವ ಸಂಕಟವೊಂದಿದೆ. ರಾತ್ರಿ ನಾಲ್ಕೈದು ಸಲ ಏಳಬೇಕು. ಮೂತ್ರ ಹನಿಹನಿಯಾಗಿ ಬರುತ್ತದೆ, ಪೂರ್ತಿ ಆಯಿತೆನಿಸುವುದಿಲ್ಲ. ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಲೂ ಅಂಜಿಕೆ. ವುಝೂ ಉಳಿಯುವುದಿಲ್ಲವೆಂದು ಮಸೀದಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟ ಹಿರಿಯರಿದ್ದಾರೆ. (ಹನಿ ನಿಲ್ಲದವರು ಪ್ರತಿ ನಮಾಝಿನ ವೇಳೆಗೆ ಹೊಸದಾಗಿ ವುಝೂ ಮಾಡಿಕೊಂಡರೆ ಸಾಕೆಂಬ ರಿಯಾಯಿತಿ ಫಿಕ್ಹ್‌ನಲ್ಲಿದೆ. ಮಿಂಬರಿನಿಂದ ಅದನ್ನು ಹೇಳುವವರು ಎಷ್ಟು ಮಂದಿ?) ಮಗನಿಗೆ ಹೇಳಲು ನಾಚಿಕೆ, ಸೊಸೆಯೆದುರು ಬಾಯಿ ತೆರೆಯುವಂತೆಯೇ ಇಲ್ಲ.

ಈ ನಾಚಿಕೆಯೇ ಕೆಲವರಿಗೆ ಬಂಡವಾಳ. ಆಪರೇಷನ್ ಬೇಡ, ಅಡ್ಡಪರಿಣಾಮ ಇಲ್ಲ, ಅಪ್ಪಟ ಗಿಡಮೂಲಿಕೆ, ಫೋನ್ ಮಾಡಿದರೆ ಗುಟ್ಟಾಗಿ ಮನೆಗೇ ಪಾರ್ಸೆಲ್! ಒಬ್ಬ ಋಷಿಗಳ ಹೆಸರಿನಲ್ಲಿ ಮಾರುತ್ತಾನೆ. ಇನ್ನೊಬ್ಬ ಕರಿಜೀರಿಗೆ ಎಣ್ಣೆಯ ಸೀಸೆಗೆ ತಿಬ್ಬೆ ನಬವಿ ಎಂಬ ಚೀಟಿ ಅಂಟಿಸುತ್ತಾನೆ. ಧರ್ಮ ಯಾವುದಾದರೇನು, ಗಲ್ಲಾಪೆಟ್ಟಿಗೆ ಒಂದೇ. ಹೊಲದ ಬದುವಿನಲ್ಲಿ ನಮ್ಮ ಕಾಲಿಗೆ ಚುಚ್ಚುವ ನೆಗ್ಗಿನಮುಳ್ಳು ಪುಡಿಯಾಗಿ, ಗೋಕ್ಷುರವೆಂಬ ಹೆಸರು ಹೊತ್ತು, ಬಣ್ಣದ ಡಬ್ಬಿಯಲ್ಲಿ ನಮಗೇ ಮರಳಿ ಬರುತ್ತದೆ.

ಈ ಮದ್ದುಗಳಿಗೆ ಜಗತ್ತಿನಲ್ಲಿ ಪರೀಕ್ಷೆ ನಡೆದಿಲ್ಲವೇ? ನಡೆದಿದೆ. ಇವುಗಳಲ್ಲಿ ಅತಿ ಹೆಸರುವಾಸಿಯಾದುದು ಸಾ ಪಾಲ್ಮೆಟೊ ಎಂಬ ಅಮೆರಿಕದ ಕುಳ್ಳ ತಾಳೆಯ ಹಣ್ಣಿನ ಸಾರ. 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 225 ಮಂದಿಯ ಪೈಕಿ ಅರ್ಧದಷ್ಟು ಜನರಿಗೆ ಒಂದು ವರ್ಷ ಅದನ್ನು ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ. ವ್ಯತ್ಯಾಸ ಕಾಣಲಿಲ್ಲ. ಪ್ರಮಾಣ ಸಾಲದಿರಬಹುದೆಂದು ಮುಂದೆ 369 ಮಂದಿಯ ಮೇಲೆ ಮೂರು ಪಟ್ಟಿನವರೆಗೆ ಏರಿಸಿ ನೋಡಿದರು. 2011ರಲ್ಲಿ ಬಂದ ಉತ್ತರವೂ ಅದೇ. ವಿಟಮಿನ್ 'ಇ'ಯ ಕತೆ ಇನ್ನೂ ಕೆಟ್ಟದು. ಪ್ರೊಸ್ಟೇಟ್ ಕ್ಯಾನ್ಸರ್ ತಡೆಯಬಹುದೆಂಬ ಆಸೆಯಿಂದ 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಅದನ್ನು ಒಂಟಿಯಾಗಿ ನುಂಗಿದವರಲ್ಲೇ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು ಕಂಡಿತು. ಎಂಟು ಮೂಲಿಕೆಗಳದೆಂದು ಮಾರಾಟವಾಗುತ್ತಿದ್ದ ಪಿಸಿ-ಸ್ಪೆಸ್ ಎಂಬ ಗುಳಿಗೆಯಲ್ಲಿ ರಕ್ತ ತೆಳುಮಾಡುವ ವಾರ್ಫರಿನ್ ಪತ್ತೆಯಾಗಿ, 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದೆಗೆಯಬೇಕಾಯಿತು.

ಯುನಾನಿ, ಆಯುರ್ವೇದ ಕಲಿತ ವೈದ್ಯರ ಮೇಲೆ ನಮಗೆ ಜಗಳವಿಲ್ಲ. ನಾಡಿ ಹಿಡಿದು, ವಿಚಾರಿಸಿ, ಅಗತ್ಯವಿದ್ದರೆ ಸರ್ಜನ್ನರ ಬಳಿಗೆ ಕಳಿಸುವವರು ಅವರಲ್ಲೂ ಇದ್ದಾರೆ. ಡಬ್ಬಿ ಏನನ್ನೂ ವಿಚಾರಿಸುವುದಿಲ್ಲ. ಗ್ರಂಥಿ ಎಷ್ಟು ಬೆಳೆದಿದೆ, ಮೂತ್ರದಲ್ಲಿ ರಕ್ತವಿದೆಯೇ, ಕಿಡ್ನಿ ಹೇಗಿದೆ, ಇದು ಬರೀ ಊತವೋ ಕ್ಯಾನ್ಸರೋ? ಈ ಪ್ರಶ್ನೆಗಳು ಡಬ್ಬಿ ಖಾಲಿಯಾಗುವವರೆಗೆ ಕಾಯುತ್ತವೆ, ಕಾಯಿಲೆ ಕಾಯುವುದಿಲ್ಲ. ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡಾಗ ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಓಡುವ ಕುಟುಂಬ ಗಾಡಿ ಬಾಡಿಗೆಗೂ ಸಾಲ ಮಾಡುತ್ತದೆ. ಒತ್ತಡ ಹಿಂದಕ್ಕೆ ಏರಿ ಕಿಡ್ನಿ ಕೆಟ್ಟಿದ್ದರೆ ಮುಂದೆ ಡಯಾಲಿಸಿಸ್.

ಕಾನೂನು ಇಲ್ಲವೆಂದೂ ಹೇಳುವಂತಿಲ್ಲ. ಆಕ್ಷೇಪಾರ್ಹ ಔಷಧ ಜಾಹೀರಾತುಗಳ ವಿರುದ್ಧದ 1954ರ ಕಾಯ್ದೆ, ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯಲ್ಲಿ ಪ್ರೊಸ್ಟೇಟ್ ಗ್ರಂಥಿಯ ತೊಂದರೆಗಳನ್ನು ಹೆಸರಿಸಿಯೇ ಹೇಳಿದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಕೆಲವರು ಇದರಿಂದ ನುಣುಚಿಕೊಳ್ಳಲು ಮದ್ದನ್ನು 'ಆಹಾರ ಪೂರಕ' ಎನ್ನುತ್ತಾರೆ. ಅಂಥ ಡಬ್ಬಿಯ ಮೇಲೆ 'ಔಷಧವಾಗಿ ಬಳಸಲಲ್ಲ' ಎಂದು ಮುದ್ರಿಸಲೇಬೇಕು. ಮುದ್ರಿಸಿರುತ್ತಾರೆ ಕೂಡ, ಇಂಗ್ಲಿಷಿನಲ್ಲಿ. ರೋಗ ವಾಸಿಯಾಗುತ್ತದೆಂಬ ಮಾತು ಮಾತ್ರ ಅಚ್ಚ ಕನ್ನಡದಲ್ಲಿ! ಇಂಥ ಜಾಹೀರಾತಿಗೆ ಜಾಗ ಕೊಡುವ ಪತ್ರಿಕೆಗಳೂ ಕೇಬಲ್ ಚಾನೆಲ್‌ಗಳೂ ಈ ವ್ಯಾಪಾರದಲ್ಲಿ ಪಾಲುದಾರರೇ.

ವಯಸ್ಸಾದ ಗಂಡಸರಲ್ಲಿ ಈ ಗ್ರಂಥಿ ಬೆಳೆಯುವುದು ಕೂದಲು ನರೆತಷ್ಟೇ ಸಹಜ. ಬಹಳಷ್ಟು ಮಂದಿಗೆ ಟ್ಯಾಮ್ಸುಲೋಸಿನ್‌ನಂಥ ಅಗ್ಗದ ಗುಳಿಗೆಯಿಂದ ಆರಾಮ ಸಿಗುತ್ತದೆ, ಅದನ್ನೂ ವೈದ್ಯರನ್ನು ಕೇಳಿಯೇ ನುಂಗಬೇಕು. ಕೆಲವರಿಗಷ್ಟೇ ಆಪರೇಷನ್. ಇದನ್ನು ಹೇಳಲು ಊರಲ್ಲೊಬ್ಬರು ಬೇಕು. ವಿಜಯಪುರದಲ್ಲಿ ಬಿ.ಎಲ್.ಡಿ.ಇ., ಅಲ್-ಅಮೀನ್ ಎಂಬ ಎರಡು ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ತಜ್ಞರು ತಿಂಗಳಿಗೊಂದು ನಿಗದಿತ ದಿನ ಈ ನಾಲ್ಕು ತಾಲೂಕು ಆಸ್ಪತ್ರೆಗಳಲ್ಲಿ ಕೂರುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಏರ್ಪಾಡು ಮಾಡಲಿ. ಆ ದಿನ ಯಾವುದೆಂದು ಜುಮಾ ನಮಾಝಿನ ಬಳಿಕ ಮಸೀದಿಯ ಮೈಕಿನಲ್ಲೂ ಸಂತೆಯ ದಿನ ಪಂಚಾಯಿತಿಯ ಡಂಗುರದಲ್ಲೂ ಸಾರಲಿ.