ಸೈಕಲ್ಲಿನ ದಾರಿಯನ್ನು ಲಾರಿಗೆ ಬರೆದುಕೊಟ್ಟವರಾರು?

ಎಮ್ಮಿಗನೂರಿನಿಂದ ಕಂಪ್ಲಿಗೆ, ಅಲ್ಲಿಂದ ರಾಮಸಾಗರ, ಬುಕ್ಕಸಾಗರಗಳನ್ನು ಹಾಯ್ದು ಕಮಲಾಪುರದ ಕೆರೆಯ ಏರಿಯವರೆಗೆ ಸೈಕಲ್ ತುಳಿದವರಿಗೆ ಈ ಸೀಮೆಯ ಗುಟ್ಟು ಗೊತ್ತಿರುತ್ತದೆ. ಬರ, ಬಿಸಿಲು, ಗಣಿ ಎಂದಷ್ಟೇ ಹೊರಗಿನವರು ತಿಳಿದ ಬಳ್ಳಾರಿಯ ಕಡೆ ನೀರಿನ ನಾಡೊಂದು ಅಡಗಿದೆ. ಭತ್ತದ ಗದ್ದೆ, ಬಾಳೆತೋಟ, ಶತಮಾನಗಳಿಂದ ಹರಿಯುತ್ತಿರುವ ವಿಜಯನಗರದ ಕಾಲುವೆಗಳು, ಗುಂಡುಗಲ್ಲಿನ ಬೆಟ್ಟಗಳು ಒಂದರ ಬೆನ್ನಿಗೊಂದು ಬರುತ್ತವೆ. ಕಂಪ್ಲಿಯಿಂದ ದಕ್ಷಿಣಕ್ಕೆ ಹೊರಳಿ ಮೆಟ್ರಿಯ ಮೇಲೆ ಹೋದರೆ ದರೋಜಿಯ ಕೆರೆ. ಆ ಭಾಗದ ಕಲ್ಲುಗುಡ್ಡಗಳಲ್ಲಿ 1994ರಲ್ಲಿ ಘೋಷಿತವಾದ ಕರಡಿಧಾಮ. ಇನ್ನೂ ಮುಂದಕ್ಕೆ ತೋರಣಗಲ್ಲು, ಆಮೇಲೆ ಸಂಡೂರಿನ ಬೆಟ್ಟಸಾಲು, ನಾರಿಹಳ್ಳದ ಜಲಾಶಯ. ಗಟ್ಟಿಮುಟ್ಟಾದ ಸವಾರನೊಬ್ಬನಿಗೆ ಇವೆಲ್ಲ ಒಂದು ದಿನದ ಅಳತೆಯೊಳಗಿವೆ. ಕಾರಿನಲ್ಲಿ ಕುಳಿತವನಿಗೆ ಕಣ್ಣಿಗೆ ಬೀಳುವ ಮೊದಲೇ ಹಿಂದೆ ಸರಿದುಹೋಗುತ್ತವೆ.

ಈ ದಾರಿ ಸೈಕಲ್ಲಿನ ಕೈತಪ್ಪುತ್ತಿದೆ. ರೈತನ ಒಂದು ಗುಂಟೆ ಜಮೀನನ್ನು ರಸ್ತೆಗೆ ತೆಗೆದುಕೊಳ್ಳಬೇಕಾದರೆ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ನೋಟಿಸು ಕೊಡಬೇಕು, ಪರಿಹಾರ ಕೊಡಬೇಕು, ಆಕ್ಷೇಪಣೆ ಕೇಳಬೇಕು. ಸೈಕಲ್ಲಿನವನಿಂದ ರಸ್ತೆಯ ಅಂಚನ್ನು ಕಿತ್ತುಕೊಳ್ಳಲು ಇವಾವುವೂ ಬೇಕಿಲ್ಲ. ಲಾರಿಯೊಂದು ಹಿಂದಿನಿಂದ ಹಾರ್ನ್ ಹೊಡೆದರೆ ಸಾಕು, ಆತ ತಾನಾಗಿಯೇ ಮಣ್ಣಿಗಿಳಿಯುತ್ತಾನೆ.

ಹೀಗೆ ಇಳಿಯುವವರು ಯಾರು? ನಗರದಿಂದ ಗೇರ್ ಸೈಕಲ್ ತಂದು ಹಂಪಿ ಸುತ್ತುವ ಹವ್ಯಾಸಿಗಳಲ್ಲಿ ಕೆಲವರು ಇರಬಹುದು. ಆದರೆ ವರ್ಷದ ಅಷ್ಟೂ ದಿನ ಇಳಿಯುವವರು ನಾಟಿಗೆ, ಕಳೆಗೆ, ಕೊಯ್ಲಿಗೆ ಹೋಗುವ ಕೂಲಿಕಾರರು. ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿದವರು. ಮೀನಿನ ಬುಟ್ಟಿ ಹೊತ್ತವರು. ಪಕ್ಕದ ಊರಿನ ಪ್ರೌಢಶಾಲೆಗೆ ಹೋಗುವ ಮಕ್ಕಳು. ರಾಜ್ಯ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚಿತು. 2020ರಲ್ಲಿ ಕೋವಿಡ್ ಬಂದಾಗ ಆ ಹಂಚಿಕೆ ನಿಂತುಹೋಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೈಕಲ್ ಕೊಟ್ಟ ಸರ್ಕಾರ ಅದನ್ನು ತುಳಿಯಲು ಒಂದು ಮಾರು ದಾರಿಯನ್ನೂ ಕೊಡಲಿಲ್ಲವೆಂಬುದನ್ನು ಯಾವ ಶಾಸಕರೂ ಸದನದಲ್ಲಿ ದೊಡ್ಡ ಪ್ರಶ್ನೆಯಾಗಿಸಲಿಲ್ಲ. ಹೆಣ್ಣುಮಗಳೊಬ್ಬಳು ಏಳನೆಯ ತರಗತಿಯ ನಂತರ ಶಾಲೆ ಬಿಡಲು ಮನೆಯ ಬಡತನ, ಹಿರಿಯರ ಹಿಂಜರಿಕೆಗಳು ಕಾರಣವೆಂದು ಬರೆಯುವವರು, ಆ ಹಿಂಜರಿಕೆಯಲ್ಲಿ ರಸ್ತೆಯ ಭಯದ ಪಾಲೆಷ್ಟು ಎಂದೂ ವಿಚಾರಿಸಬೇಕಾಗಿತ್ತು.

2018ರಿಂದ ಜೂನ್ 3 ವಿಶ್ವ ಸೈಕಲ್ ದಿನವೆಂದು ಆಚರಣೆಗೊಳ್ಳುತ್ತಿದೆ. ಆ ದಿನ ಅಧಿಕಾರಿಗಳೂ ಜನಪ್ರತಿನಿಧಿಗಳೂ ಬಿಳಿ ಟೋಪಿ ತೊಟ್ಟು ಅರ್ಧ ಕಿಲೋಮೀಟರ್ ತುಳಿದು, ಫೋಟೋ ತೆಗೆಸಿಕೊಂಡು, ಹಿಂದೆಯೇ ಬಂದ ಕಾರನ್ನು ಏರುವ ದೃಶ್ಯ ಯಾವ ಜಿಲ್ಲಾ ಕೇಂದ್ರಕ್ಕೂ ಹೊಸದಲ್ಲ. ಜೂನ್ 4ರ ಬೆಳಿಗ್ಗೆ ಅದೇ ಕಚೇರಿಯಲ್ಲಿ ರಸ್ತೆ ಅಗಲೀಕರಣದ ಕಡತ ಮುಂದಕ್ಕೆ ಸಾಗುತ್ತದೆ.

ಅಗಲೀಕರಣದಿಂದ ಸೈಕಲ್ಲಿಗೂ ಜಾಗ ಸಿಗುತ್ತದೆಯಲ್ಲವೇ ಎಂದು ಕೇಳುವವರಿದ್ದಾರೆ. ಸಿಗುವುದಿಲ್ಲ. ಅಗಲವಾದ ರಸ್ತೆಯಲ್ಲಿ ಹೆಚ್ಚುವುದು ಮೊದಲಿಗೆ ವೇಗ. ಚಲಿಸುವ ವಾಹನದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು; ಗಂಟೆಗೆ 30 ಕಿಲೋಮೀಟರ್ ಇದ್ದ ವೇಗ 60 ಆದರೆ ಬಡಿತದ ಹೊಡೆತ ನಾಲ್ಕು ಪಟ್ಟು, ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರವೂ ಹೆಚ್ಚುಕಡಿಮೆ ನಾಲ್ಕು ಪಟ್ಟು. ಅಗಲೀಕರಣದಲ್ಲಿ ಎರಡನೆಯದಾಗಿ ಹೋಗುವುದು ನೆರಳು. ಹುಣಸೆ, ಬೇವು, ಆಲ, ಹೊಂಗೆಗಳ ಸಾಲು ಮೊದಲ ವಾರದಲ್ಲೇ ನೆಲಕ್ಕುರುಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಸೀಮೆ ಇದು. ಎ.ಸಿ. ಕಾರಿನವನಿಗೆ ಸಾಲುಮರ ಅಲಂಕಾರವಾದೀತು, ಸೈಕಲ್ಲಿನವನಿಗೆ ಅದು ರಸ್ತೆಯ ಅಂಗವೇ ಆಗಿದೆ. ಅದಿಲ್ಲದೆ ಮಧ್ಯಾಹ್ನ ಎರಡು ಗಂಟೆಗೆ ದರೋಜಿಯ ಕಡೆಯಿಂದ ಕಂಪ್ಲಿಗೆ ತುಳಿಯುವುದು ಶಿಕ್ಷೆ. ಕಡಿದ ಮರಕ್ಕೆ ಬದಲಾಗಿ ಎಲ್ಲೋ ನೆಟ್ಟ ಸಸಿಗಳ ಲೆಕ್ಕ ಕೊಡುವವರು, ನೆರಳು ಬೇಕಾದದ್ದು ದಾರಿಯಲ್ಲಿ ಎಂಬುದನ್ನು ಮರೆತಂತಿದೆ.

ಇನ್ನು ಲಾರಿ. ಸಂಡೂರಿನ ಬೆಟ್ಟಗಳ ಅದಿರು ಚೀನಾದ ಬೇಡಿಕೆಯ ವರ್ಷಗಳಲ್ಲಿ ರಸ್ತೆಗಳ ಮೇಲೆ ಹರಿದ ಬಗೆಯನ್ನು, ಲಾರಿಗಳು ಮಿತಿಮೀರಿ ಭಾರ ಹೇರಿಕೊಂಡು ಸಾಗಿದ್ದನ್ನು, ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಗಳು ದಾಖಲಿಸಿವೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಡನೆ ಬಿಟ್ಟುಕೊಟ್ಟಾಗ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ನುಗಳ ಮಿತಿ ಹಾಕಲಾಯಿತು. ಆ ಮಿತಿ 2017ರಲ್ಲಿ 2.8 ಕೋಟಿಗೆ, 2022ರಲ್ಲಿ 3.5 ಕೋಟಿ ಟನ್ನಿಗೆ ಏರಿತು. ಮಿತಿ ಏರಿಸುವಾಗ ಅದಿರಿನ ಬೆಲೆ, ಉಕ್ಕಿನ ಕಾರ್ಖಾನೆಗಳ ಹಸಿವು, ಅರಣ್ಯದ ಸ್ಥಿತಿ ಚರ್ಚೆಗೆ ಬಂದವು. ರಸ್ತೆಯ ಎಡಬದಿಯಲ್ಲಿ ಸೈಕಲ್ ತುಳಿಯುವವನ ಹೆಸರು ಎಲ್ಲಿಯೂ ಬರಲಿಲ್ಲ.

ರಸ್ತೆ ಹಾಳಾಗುವುದರ ಲೆಕ್ಕವನ್ನು ಒಮ್ಮೆ ನೋಡಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಹಗಲಿರುಳು ಓಡಿಸಿ ನಡೆಸಿದ ಪ್ರಯೋಗದಿಂದ ಒಂದು ನಿಯಮ ಹೊರಟಿತು. ಒಂದು ಅಚ್ಚಿನ ಮೇಲೆ ಬೀಳುವ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಅಂದರೆ 10 ಟನ್ ಹೊತ್ತ ಅಚ್ಚು 1 ಟನ್ ಹೊತ್ತ ಅಚ್ಚಿಗಿಂತ ಹತ್ತು ಸಾವಿರ ಪಟ್ಟು ಹಾನಿ ಮಾಡುತ್ತದೆ. ಸೈಕಲ್ಲಿನ ಒಂದು ಚಕ್ರದ ಮೇಲೆ 50 ಕಿಲೋ ಎಂದಿಟ್ಟುಕೊಂಡು ಅದೇ ನಿಯಮವನ್ನು ಅಷ್ಟು ದೂರ ಎಳೆದರೆ ಉತ್ತರ 160 ಕೋಟಿ ಪಟ್ಟು. ನಿಯಮ ಅಷ್ಟು ಹಗುರ ಭಾರಕ್ಕೆ ಮಾಡಿದ್ದಲ್ಲವಾದುದರಿಂದ ಆ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ, ಆದರೆ ರಸ್ತೆಯನ್ನು ಮುರಿದವರಾರು ಎಂಬುದರಲ್ಲಿ ಅನುಮಾನ ಉಳಿಯದು. ಹೀಗಿರುವಾಗ ಕೇಂದ್ರ ಸರ್ಕಾರ 2018ರಲ್ಲಿ ನಾಲ್ಕು ಟಯರುಗಳ ಒಂದು ಅಚ್ಚಿನ ಭಾರಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕೇಳಲು ಸಣ್ಣ ಏರಿಕೆ; ಮೇಲಿನ ನಿಯಮದ ಪ್ರಕಾರ ಅಚ್ಚೊಂದರ ಹಾನಿ ನೂರಕ್ಕೆ ಅರುವತ್ತರಷ್ಟು ಹೆಚ್ಚಿತು. ಗುಂಡಿ ಬಿದ್ದ ಮೇಲೆ ಲಾರಿ ನಡುವಿನ ಒಳ್ಳೆಯ ಡಾಂಬರನ್ನು ಹಿಡಿಯುತ್ತದೆ, ಒಡೆದ ಅಂಚು ಸೈಕಲ್ಲಿಗೆ ಉಳಿಯುತ್ತದೆ.

ಧೂಳಿನ ಮಾತೂ ಹೀಗೆಯೇ. ಸುಮ್ಮನೆ ಕುಳಿತವನು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಂಡರೆ ಏರಿನಲ್ಲಿ ಪೆಡಲ್ ತುಳಿಯುವವನು ನಲವತ್ತು ಲೀಟರಿಗೂ ಮೀರಿ ಎಳೆಯುತ್ತಾನೆ. ಅದಿರಿನ ಧೂಳು ಎಲೆಯ ಮೇಲೆ ಕುಳಿತು ಪತ್ರರಂಧ್ರಗಳನ್ನು ಮುಚ್ಚಿ ಬೆಳೆಯನ್ನು ಕುಗ್ಗಿಸುವುದನ್ನು ರಸ್ತೆ ಬದಿಯ ರೈತರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಎಲೆಗೆ ಓಡಿಹೋಗುವ ಶಕ್ತಿಯಿಲ್ಲ. ಸೈಕಲ್ಲಿನ ಕೂಲಿಕಾರನಿಗೂ ಇಲ್ಲ, ಏಕೆಂದರೆ ಹೊಲ ಇರುವುದು ಅದೇ ದಾರಿಯಲ್ಲಿ.

ಗಣಿಯಿಂದ ಕೂಲಿ ಸಿಕ್ಕಿದೆ, ಒಳ್ಳೆಯ ರಸ್ತೆಯಿಂದ ಆಂಬುಲೆನ್ಸ್ ಬರುತ್ತದೆ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. 2011ರಲ್ಲಿ ಗಣಿ ನಿಂತಾಗ ಡ್ರೈವರು, ಕ್ಲೀನರು, ಹೋಟೆಲಿನವರು ಕೆಲಸ ಕಳೆದುಕೊಂಡದ್ದು ನಿಜ. ಆದರೆ ಅದಿರು ರಸ್ತೆಯ ಮೇಲೆಯೇ ಹೋಗಬೇಕೆಂಬ ನಿಯಮವಿಲ್ಲ. ರೈಲು ಇದೆ, ಕನ್ವೇಯರ್ ಇದೆ. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ಸುಪ್ರೀಂ ಕೋರ್ಟಿನ ಮೇಲ್ವಿಚಾರಣೆಯಲ್ಲಿ ಸಾವಿರಾರು ಕೋಟಿ ರೂಪಾಯಿಗಳ ನಿಧಿಯೂ ಇದೆ. ಆಂಬುಲೆನ್ಸಿಗೆ ಬೇಕಾದದ್ದು ಗುಂಡಿಯಿಲ್ಲದ ರಸ್ತೆ, ನಾಲ್ಕು ಪಥದ ರಸ್ತೆಯಲ್ಲ.

ಹಂಪಿಯ ಅನುಭವ ಕಣ್ಣ ಮುಂದಿದೆ. ಆನೆಗೊಂದಿಯ ಬಳಿ ವಾಹನಗಳಿಗಾಗಿ ಕಟ್ಟಹೊರಟ ಸೇತುವೆಯೂ ಕಾರಣವಾಗಿ ಹಂಪಿ 1999ರಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿ ಸೇರಿತು, 2006ರವರೆಗೆ ಅದರಲ್ಲೇ ಉಳಿಯಿತು. 2009ರ ಜನವರಿಯಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರ ಪ್ರಾಣ ತೆಗೆದುಕೊಂಡಿತು. ನದಿ ದಾಟುವ ಅನುಕೂಲ ಜನರಿಗೆ ಬೇಡವಾಗಿತ್ತು ಎಂದಲ್ಲ. ಎಷ್ಟು ದೊಡ್ಡ ವಾಹನಕ್ಕೆ, ಎಷ್ಟು ವೇಗಕ್ಕೆ ಎಂಬ ಪ್ರಶ್ನೆಯನ್ನು ಕಟ್ಟುವ ಮೊದಲು ಕೇಳಲಿಲ್ಲ. ಸೈಕಲ್ಲಾದರೆ ಅಲ್ಲಿ ಹರಿಗೋಲನ್ನೇರಿ ದಾಟುತ್ತಿತ್ತು.

ಐರ್ಲೆಂಡಿನ ಲೀಟ್ರಿಮ್, ಕ್ಯಾವನ್, ಫರ್ಮನಾ ಸೀಮೆಗಳು ಇಂಥದೇ ಕೆರೆಗುಡ್ಡಗಳ ನಾಡು, ಮಳೆ ಮಾತ್ರ ನೂರ್ಮಡಿ ಧಾರಾಳ. ಅಲ್ಲಿ 1990ರ ದಶಕದಲ್ಲಿ ಮಿಂಚುಳ್ಳಿಯ ಹೆಸರಿನಲ್ಲಿ, ಕಿಂಗ್‌ಫಿಷರ್ ಎಂದು, ಸುಮಾರು 480 ಕಿಲೋಮೀಟರಿನ ಸೈಕಲ್ ದಾರಿಯೊಂದನ್ನು ಗುರುತಿಸಿದರು. ಬಹುಪಾಲು ಹೊಸ ರಸ್ತೆ ಕಟ್ಟಲಿಲ್ಲ. ಊರೂರಿನ ನಡುವೆ ಮೊದಲೇ ಇದ್ದ ಕಿರುದಾರಿಗಳಿಗೆ ಫಲಕ ನೆಟ್ಟರು, ನಕ್ಷೆ ಮುದ್ರಿಸಿದರು. ದಾರಿಗೆ ಐರಿಷ್ ಭಾಷೆಯಲ್ಲಿ ಬೋಹರ್ ಎನ್ನುತ್ತಾರೆ, ಹಸುವನ್ನು ಸೂಚಿಸುವ ಪದದಿಂದ ಹುಟ್ಟಿದ ಹೆಸರದು. ಹೆಸರು ಕೂಗಿದರೇ ಎಮ್ಮಿ ಕೇಳಿಸುವ ಊರಿನವರಿಗೆ ಇದು ವಿಚಿತ್ರವೆನಿಸಲಾರದು. ಮೇಯೊ ಸೀಮೆಯಲ್ಲಿ 1937ರಲ್ಲಿ ಮುಚ್ಚಿದ ರೈಲುದಾರಿಯ ಜಾಡಿನಲ್ಲಿ 42 ಕಿಲೋಮೀಟರಿನ ಸೈಕಲ್ ಹಾದಿ ಮಾಡಿದರು. 2025ರ ಫೆಬ್ರವರಿಯಲ್ಲಿ ಐರ್ಲೆಂಡ್ ಸರ್ಕಾರ ಹಳ್ಳಿಗಾಡಿನ ಸ್ಥಳೀಯ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು ಗಂಟೆಗೆ 80ರಿಂದ 60 ಕಿಲೋಮೀಟರಿಗೆ ಇಳಿಸಿತು. ಪ್ರವಾಸಿಗರು ಅಲ್ಲಿಗೆ ಹೋಗುವುದು ರಸ್ತೆ ದೊಡ್ಡದೆಂದಲ್ಲ, ರಸ್ತೆ ಚಿಕ್ಕದಾಗಿ ನಿಶ್ಶಬ್ದವಾಗಿ ಉಳಿದಿದೆ ಎಂಬ ಕಾರಣಕ್ಕೆ. ಪ್ರವಾಸೋದ್ಯಮದ ಹೆಸರಿನಲ್ಲಿ ಹಂಪಿಯ ಸುತ್ತಿನ ದಾರಿಗಳನ್ನು ಹಿಗ್ಗಿಸಹೊರಟವರು ಮಾರುಕಟ್ಟೆಗೆ ಒಯ್ಯಬೇಕಾದ ಸರಕನ್ನೇ ಸುಡುತ್ತಿದ್ದಾರೆ.

ಈ ಸೀಮೆಗೆ ಮುಚ್ಚಿದ ರೈಲುದಾರಿಯ ಅಗತ್ಯವೂ ಇಲ್ಲ, ಕಾಲುವೆಗಳ ದಂಡೆ ಇದೆ. ಒಟ್ಟು ನೂರು ಕಿಲೋ ಭಾರದ ಸೈಕಲ್ಲನ್ನು 20 ಮೀಟರಿಗೆ 1 ಮೀಟರ್ ಏರುವ ಕಡೆ ತುಳಿಯುವುದೆಂದರೆ 5 ಕಿಲೋ ಭಾರವನ್ನು ಸತತವಾಗಿ ಎತ್ತಿದ ಹಾಗೆ. ಸಮನೆಲದಲ್ಲಿ ನಿಧಾನವಾಗಿ ಹೋಗಲು 1 ಕಿಲೋದಷ್ಟೂ ಬೇಕಿಲ್ಲ. ನೀರಿಗೂ ಏರು ಆಗದು. ಆದುದರಿಂದ ಮುಖ್ಯ ಕಾಲುವೆಗಳು ಗುಡ್ಡಗಳನ್ನು ಬಳಸಿಕೊಂಡು, ಕಿಲೋಮೀಟರಿಗೆ ಒಂದು ಮೀಟರಿಗಿಂತಲೂ ಕಡಿಮೆ ಇಳಿಯುತ್ತ ಸಾಗುತ್ತವೆ. ಗುಡ್ಡಗಾಡಿನಲ್ಲಿ ಇದಕ್ಕಿಂತ ಸಮನಾದ ದಾರಿಯನ್ನು ಯಾವ ಇಂಜಿನಿಯರೂ ಎಳೆಯಲಾರ. ತುಂಗಭದ್ರೆಯ ಬಲದಂಡೆ ಕಾಲುವೆಗಳ ತಪಾಸಣಾ ದಾರಿಗಳು, ರಾಯ, ಬಸವಣ್ಣ ಕಾಲುವೆಗಳ ದಂಡೆಗಳು ಆಗಲೇ ಇವೆ. ತುಂಗಭದ್ರಾ ಮಂಡಳಿಯೂ ನೀರಾವರಿ ಇಲಾಖೆಯೂ ಮನಸ್ಸು ಮಾಡಿದರೆ, ಅವುಗಳ ಬಾಯಲ್ಲಿ ಎತ್ತಿನ ಬಂಡಿ, ಸೈಕಲ್ಲುಗಳನ್ನಷ್ಟೇ ಬಿಡುವ ಕಲ್ಲುಗಂಬ ನಿಲ್ಲಿಸಿ, ನೀರಿನ ಬದಿಗೆ ತಡೆಗೋಡೆ ಅಥವಾ ಮುಳ್ಳುಬೇಲಿ ಹಾಕಿ, ಇನ್ನೊಂದು ಬದಿಗೆ ಹೊಂಗೆ ನೆಡಬಹುದು. ತಡೆಯಿಲ್ಲದೆ ಮಕ್ಕಳನ್ನು ಆ ದಂಡೆಗೆ ಬಿಡುವುದು ಮಾತ್ರ ಸಲ್ಲದು. ತುಂಬಿ ಹರಿಯುವ ಕಾಲುವೆಗೆ ಬಿದ್ದವರು ಮೇಲೆ ಬರುವುದು ಕಷ್ಟ.

ರಸ್ತೆಯ ಬದಿಯಲ್ಲಿ ಪ್ರತ್ಯೇಕ ಸೈಕಲ್ ಪಥ ಕೇಳಿದರೆ ಲೋಕೋಪಯೋಗಿ ಇಲಾಖೆಯವರು ಸಂಚಾರ ಸಾಲದು ಎನ್ನುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ 1962ರಷ್ಟು ಹಿಂದೆಯೇ ಇದಕ್ಕೆ ಅಳತೆ ಕೊಟ್ಟಿದೆ. ಗಂಟೆಗೆ 100ರಿಂದ 200 ಮೋಟಾರು ವಾಹನ ಓಡುವ ದಾರಿಯಲ್ಲಿ ದಟ್ಟಣೆಯ ಹೊತ್ತಿಗೆ 400 ಸೈಕಲ್ ಇದ್ದರೆ ಪ್ರತ್ಯೇಕ ಪಥ ಮಾಡಬಹುದು. ಮೋಟಾರು ವಾಹನ 200ನ್ನು ಮೀರಿದರೆ 100 ಸೈಕಲ್ಲುಗಳಿಗೂ ಪಥ ಸಮರ್ಥನೀಯ. ನಗರಕ್ಕೆ ಹೊಲಿದ ಅಂಗಿ ಇದು, ಹಳ್ಳಿಗೆ ದೊಡ್ಡದು. ಆದರೂ ನೂರರ ಲೆಕ್ಕ ಕಂಪ್ಲಿಯಂಥ ಊರಿನ ಬಾಯಲ್ಲಿ ಶಾಲೆಯ ಹೊತ್ತಿಗೆ ದಾಟುತ್ತದೆಯೋ ಇಲ್ಲವೋ ಎಂದು ಎಣಿಸಿ ನೋಡಬೇಕು.

ಎಣಿಕೆಗೆ ಉಪಕರಣ ಬೇಡ, ವಿದ್ಯಾರ್ಥಿಗಳು ಸಾಕು. ಎಮ್ಮಿಗನೂರು, ಕಂಪ್ಲಿ, ಮೆಟ್ರಿ, ದರೋಜಿ, ಬುಕ್ಕಸಾಗರಗಳ ಬಸ್ ನಿಲ್ದಾಣದ ಬಳಿ ಇಬ್ಬಿಬ್ಬರು ನಿಲ್ಲಲಿ. ಶಾಲೆಯ ದಿನವೊಂದು, ಸಂತೆಯ ದಿನವೊಂದು, ನಾಟಿಯ ಕಾಲದ ದಿನವೊಂದು. ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 7. ಸೈಕಲ್, ಬೈಕ್, ಟ್ರ್ಯಾಕ್ಟರ್, ಲಾರಿಗಳಿಗೆ ಒಂದೊಂದು ಗೀಟು, ಸೈಕಲ್ ಮೇಲಿನ ಹೆಣ್ಣುಮಕ್ಕಳಿಗೆ ಬೇರೆ ಗೀಟು. ಅರ್ಧ ಗಂಟೆಗೊಮ್ಮೆ ಮೊತ್ತ ಬರೆದು, ದಿನಾಂಕದೊಡನೆ ಸಹಿ ಹಾಕಿ, ಒಂದು ಪ್ರತಿಯನ್ನು ಗ್ರಾಮಸಭೆಯ ನಡವಳಿ ಪುಸ್ತಕಕ್ಕೆ ಸೇರಿಸಬೇಕು, ಇನ್ನೊಂದನ್ನು ಸ್ವೀಕೃತಿ ಪಡೆದು ಲೋಕೋಪಯೋಗಿ ಇಲಾಖೆಗೆ ಕೊಡಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ.