ರಸ್ತೆ ತಿರುವಿನಲ್ಲಿ ಒಕ್ಕಣೆ ಬೇಡ

ಹಾಲು ಉತ್ಪಾದಕ ಸಹೋದರಿಯರೇ,

ಕಳೆದ ಹುರುಳಿ ಸುಗ್ಗಿಯಲ್ಲಿ ಒಂದು ಬೆಳಗ್ಗೆ ಎಚ್.ಡಿ. ಕೋಟೆ ಕಡೆಯ ಹಳ್ಳಿಯಿಂದ ಫೋನ್ ಬಂತು. ಹಸು ಕರು ಹಾಕಲಾಗದೆ ಒದ್ದಾಡುತ್ತಿದೆ ಎಂದರು. ಬೈಕ್ ಹತ್ತಿ ಹೊರಟೆ. ಮಂಜು ಇನ್ನೂ ಕರಗಿರಲಿಲ್ಲ. ಕೆರೆ ಏರಿ ದಾಟಿದ ಮೇಲಿನ ತಿರುವಿನಲ್ಲಿ ರಸ್ತೆ ತುಂಬ ಹುರುಳಿ ಹರಡಿತ್ತು. ಬ್ರೇಕ್ ಹಿಡಿದೆ, ಬಿದ್ದೆ. ನನಗೆ ಮೊಣಕೈ ತರಚಿತು, ಅಷ್ಟೆ. ಆದರೆ ಎದ್ದು, ಚೆಲ್ಲಾಪಿಲ್ಲಿಯಾದ ಔಷಧಿ ಆರಿಸಿಕೊಂಡು ತಲುಪುವಷ್ಟರಲ್ಲಿ ಅರ್ಧ ಗಂಟೆ ತಡವಾಗಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಹೆಣ್ಣುಗರು. ತಪ್ಪು ನನ್ನದೂ ಇದೆ. ಆ ಮಂಜಿನಲ್ಲಿ ಐವತ್ತರ ವೇಗ ಬೇಕಿರಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿ ಹೋದರೂ ಸುಗ್ಗಿಯಲ್ಲಿ ಟಾರ್ ರಸ್ತೆಯೇ ಕಣ. ನಿಮ್ಮ ಕಷ್ಟ ಗೊತ್ತು: ಆಳು ಸಿಗುವುದಿಲ್ಲ, ಯಂತ್ರದ ಬಾಡಿಗೆ ಹೆಚ್ಚು. ಆದರೂ ತಿರುವಿನಲ್ಲಿ ಹರಡುವುದಂತೂ ನಿಲ್ಲಲೇಬೇಕು. ತಿರುಗುವಾಗ ಬೈಕ್ ಒಂದು ಬದಿಗೆ ವಾಲುತ್ತದೆ. ಆಗ ಅದನ್ನು ಹಿಡಿದಿಡುವುದು ಟೈರು ರಸ್ತೆಗೆ ತಾಗುವ ಅಂಗೈಯಗಲದ ಜಾಗ ಮಾತ್ರ. ಅದರಡಿ ಹುರುಳಿ ಕಾಳು ಸಿಕ್ಕರೆ ಗೋಲಿಯಂತೆ ಉರುಳುತ್ತದೆ. ವೇಗ 20ರಿಂದ 40ಕ್ಕೆ ಏರಿದರೆ ಹೊರಕ್ಕೆ ತಳ್ಳುವ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಾಕುವುದಿದ್ದರೆ ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ಹಾಕಬೇಕು. ನಾನು ಮಾಡಿದ್ದು ಇದಕ್ಕೆ ತಿರುಗುಮುರುಗು.

ಆ ರಸ್ತೆಯಲ್ಲಿ ಬೆಳಗ್ಗೆ ಸಂಜೆ ಓಡಾಡುವವರಾದರೂ ಯಾರು? ಡೇರಿಗೆ ಹಾಲು ಒಯ್ಯುವ ನಿಮ್ಮ ಮಗ, ನಿಮ್ಮ ಯಜಮಾನರು, ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತ ನೀವು. 20 ಲೀಟರ್ ಹಾಲೆಂದರೆ ಕ್ಯಾನ್ ಬಿಟ್ಟೇ 20 ಕಿಲೋ ದಾಟುತ್ತದೆ. ಒಂದೇ ಪಕ್ಕಕ್ಕೆ ನೇತುಹಾಕಿದರೆ ಗಾಡಿ ಆ ಕಡೆಗೇ ಎಳೆಯುತ್ತದೆ. ಅರ್ಧ ತುಂಬಿದ ಕ್ಯಾನ್ ಇನ್ನೂ ಕೆಟ್ಟದ್ದು. ತಿರುವಿನಲ್ಲಿ ಹಾಲು ತುಳುಕಿ ಬೈಕನ್ನೇ ಅಲ್ಲಾಡಿಸುತ್ತದೆ. ಹಾಲು ಕಡಿಮೆಯಿದ್ದರೆ ಸಣ್ಣ ಕ್ಯಾನಿಗೆ ಬಗ್ಗಿಸಿ. ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಗಾರ್ಡು ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಕ್ಯಾನ್ ಕಟ್ಟಲು ಅಡ್ಡಿಯೆಂದು ಅದನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ಎಸೆದ ಮನೆಗಳನ್ನು ನೋಡಿದ್ದೇನೆ.

ಇಷ್ಟೆಲ್ಲ ಅವಸರ ಡೇರಿ ಬಾಗಿಲು ಹಾಕಿಬಿಡುತ್ತಾರೆಂದು. ಶುಚಿಯಾಗಿ ಕರೆದ ಹಾಲು ಹತ್ತು ನಿಮಿಷಕ್ಕೆ ಒಡೆಯುವುದಿಲ್ಲ. ಮಂಜು ಬೀಳುವ ತಿಂಗಳುಗಳಲ್ಲಿ ಸಂಘದವರು ಅಷ್ಟು ಹೊತ್ತು ಕಾಯಲಿ. ಮುಂದಿನ ಸಭೆಯಲ್ಲಿ ನೀವೇ ಇದನ್ನು ಕೇಳಿ. ಹಾಗೆಯೇ ಊರಿಗೊಂದು ಒಕ್ಕಣೆ ಕಣಕ್ಕೆ ಪಂಚಾಯಿತಿಗೆ ಅರ್ಜಿ ಬರೆಯಿರಿ. ಅಲ್ಲಿಯವರೆಗೆ ಹುರುಳಿಯನ್ನು ತಿರುವಿನಿಂದ ದೂರ, ಎರಡೂ ಕಡೆಯಿಂದ ಕಾಣುವಂಥ ನೇರ ಜಾಗದಲ್ಲಿ, ರಸ್ತೆಯ ಅರ್ಧ ಬಿಟ್ಟು ಹರಡಿ.